ನಾಗರಖಂಡದ ಫೈಲುಗಳು

ನಿಮ್ಮ ಆಫೀಸಿನ ಈಮೇಲ್ ಪಟ್ಟಿ ತೆಗೆದು ನೋಡಿ. ಒಬ್ಬ ಗೌಡ, ಒಬ್ಬ ಹೆಗಡೆ, ಒಬ್ಬ ಶಾನಭಾಗ ಇದ್ದೇ ಇರ್ತಾರೆ. ಉತ್ತರ ಕರ್ನಾಟಕದ ಕಡೆಯವರಿದ್ದರೆ ಒಬ್ಬ ನಾಡಗೌಡನೂ ಸಿಗಬಹುದು. ಈಗ ಇವೆಲ್ಲ ಮನೆತನದ ಹೆಸರು. ಸಾವಿರ ವರ್ಷದ ಹಿಂದೆ ಇವು ಹುದ್ದೆಗಳು: ಊರು ನೋಡಿಕೊಳ್ಳುವವನು ಗಾವುಂಡ, ಮೇಲಿನಿಂದ ಬಂದ ಅಧಿಕಾರಿ ಪೆರ್ಗಡೆ, ಲೆಕ್ಕ ಬರೆಯುವವನು ಸೇನಬೋವ, ಒಂದಷ್ಟು ಊರು ಸೇರಿದ ನಾಡಿಗೆ ಮೇಲಾದವನು ನಾಳ್ಗಾವುಂಡ. ಜರ್ಮನಿಯಲ್ಲೂ ಇದೇ ಕತೆ. ಅಲ್ಲಿ ಬೀದಿಗೊಬ್ಬರು ಸಿಗುವ ಶುಲ್ಟ್ಸ್, ಮೈಯರ್, ಫೋಗ್ಟ್ ಎಲ್ಲರೂ ಮಧ್ಯಕಾಲದ ಹಳ್ಳಿ ಆಡಳಿತದಿಂದ ಎದ್ದು ಬಂದವರೇ. ಊರಿನ ಮುಖ್ಯಸ್ಥ, ಜಮೀನಿನ ಮೇಲ್ವಿಚಾರಕ, ದೊರೆಯ ಪರವಾಗಿ ನ್ಯಾಯ ತೀರ್ಮಾನ ಮಾಡುವವನು. 'ಪೀನಟ್ಸ್' ಕಾಮಿಕ್ ಬರೆದ ಚಾರ್ಲ್ಸ್ ಶುಲ್ಟ್ಸ್ ಕೂಡ ಹೆಸರಿನ ಮಟ್ಟಿಗೆ ಒಬ್ಬ ಊರಗೌಡ!

ಹುದ್ದೆ ಹೋಗಿ ಹೆಸರು ಉಳಿದಿದೆ. ಆ ಹುದ್ದೆಯಲ್ಲಿ ಕೂತವರು ಏನು ಮಾಡ್ತಿದ್ರು ಅನ್ನೋದು ಗೊತ್ತಾಗಬೇಕಾದರೆ ನಮ್ಮಲ್ಲಿ ಶಿಕಾರಿಪುರ, ಸೊರಬಗಳಷ್ಟು ಒಳ್ಳೆಯ ಜಾಗ ಕಡಿಮೆ. ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಅಕ್ಕಪಕ್ಕದ ತಾಲ್ಲೂಕುಗಳು ಅಂತ ಪೇಪರ್ ಓದುವವರಿಗೆ ಗೊತ್ತು. ಶಾಸನ ಓದುವವರಿಗೆ ಇದು ಬನವಾಸಿ ಹನ್ನೆರಡು ಸಾವಿರದ ಒಳಗಿನ ನಾಗರಖಂಡ ಎಪ್ಪತ್ತು ಮತ್ತು ಜಿಡ್ಡುಳಿಗೆ ಎಪ್ಪತ್ತು. ಆ ಕಾಲದಲ್ಲಿ ಪ್ರತಿ ನಾಡಿನ ಹೆಸರಿಗೂ ಹೀಗೆ ಬಾಲದಂತೆ ಒಂದು ಸಂಖ್ಯೆ. ಅದು ಹಳ್ಳಿಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ ಅಂತ ವಿದ್ವಾಂಸರು ಬಹಳ ಕಾಲ ಜಗಳ ಆಡಿದ್ದಾರೆ. ಎಪ್ಪತ್ತರಂಥ ಸಣ್ಣ ಸಂಖ್ಯೆ ಹಳ್ಳಿಗಳದ್ದೇ ಇರಬಹುದು ಅಂತ ನಂಬಬಹುದು. ಹನ್ನೆರಡು ಸಾವಿರ ಹಳ್ಳಿ ಅಂದ್ರೆ ಯಾಕೋ ಗಂಟಲಲ್ಲಿ ಇಳಿಯಲ್ಲ.

ಈ ಎರಡು ತಾಲ್ಲೂಕಿನ ಶಾಸನಗಳನ್ನು ನಮಗೆ ಒಟ್ಟಿಗೆ ಕೊಟ್ಟವರು ಬಿ. ಎಲ್. ರೈಸ್. ಬೆಂಗಳೂರಲ್ಲೇ ಹುಟ್ಟಿ, ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ನಡೆಸಿದ ಮನುಷ್ಯ. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟ 1902ರಲ್ಲಿ, 8ನೇ ಸಂಪುಟ 1904ರಲ್ಲಿ ಬಂತು. ಇವಿಲ್ಲದೆ ನಾನು ಈ ಅಂಕಣ ಬರೆಯೋಕೇ ಆಗ್ತಿರಲಿಲ್ಲ. ಆದರೂ ಎರಡು ತಕರಾರುಗಳಿವೆ.

ಒಂದನೆಯದು, ರೈಸ್ ಶಾಸನಗಳನ್ನು ಜೋಡಿಸಿದ್ದು ತಮ್ಮ ಕಾಲದ ತಾಲ್ಲೂಕುಗಳ ಪ್ರಕಾರ. ಶಿಕಾರಿಪುರ 7ನೇ ಸಂಪುಟಕ್ಕೆ ಹೋಯಿತು, ಸೊರಬ 8ನೇದಕ್ಕೆ. ಬಂದಳಿಕೆ ಶಿಕಾರಿಪುರದಲ್ಲಿದೆ, ಕುಪ್ಪಟೂರು ಸೊರಬದಲ್ಲಿದೆ. ಹೀಗಾಗಿ ಹಳೆಯ ನಾಗರಖಂಡ ಎರಡು ರಟ್ಟಿನ ನಡುವೆ ಸೀಳಿಹೋಯಿತು. ಒಬ್ಬ ನಾಳ್ಗಾವುಂಡನ ಕೈಕೆಳಗಿದ್ದ ಊರುಗಳನ್ನು ಓದಬೇಕಾದರೆ ಇವತ್ತು ಎರಡು ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಕೂರಬೇಕು. ಬ್ರಿಟಿಷರ ಕಾಲದ ರೆವಿನ್ಯೂ ನಕ್ಷೆ ಹತ್ತನೇ ಶತಮಾನದ ರೆವಿನ್ಯೂ ನಕ್ಷೆಯನ್ನು ಅಳಿಸಿಹಾಕಿದ್ದು ಹೀಗೆ, ಯಾರೂ ಉದ್ದೇಶಪಡದೇನೇ.

ಎರಡನೆಯ ತಕರಾರು ದೊಡ್ಡದು. ಸಂಪುಟಗಳ ಮುನ್ನುಡಿ ಸಾಗುವುದು ರಾಜವಂಶಗಳ ಸಾಲಿನಲ್ಲಿ: ಕದಂಬ, ಗಂಗ, ರಾಷ್ಟ್ರಕೂಟ, ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೂ ಇದೇ ಸಾಲು. ಆದರೆ ಶಾಸನವನ್ನೇ ಓದಿ ನೋಡಿ. ರಾಜನಿಗೆ ಸಿಗುವುದು ಮೊದಲ ಕೆಲವು ಸಾಲು, ಅದೂ ಬಿರುದುಗಳ ರೂಢಿಯ ಮಾತು. ಸರ್ಕಾರಿ ಆದೇಶದ ನೆತ್ತಿ ಮೇಲಿನ ಮುದ್ರೆ ಇದ್ದಂತೆ. ಆಮೇಲೆ ಬನವಾಸಿ ನಾಡನ್ನು ಆಳುತ್ತಿದ್ದ ಮಹಾಸಾಮಂತ ಅಥವಾ ದಂಡನಾಯಕ, ಅವನ ಕೆಳಗೆ ನಾಡಿನ ಒಡೆಯ, ಅವನ ಕೆಳಗೆ ಊರ ಗಾವುಂಡ, ಕೊನೆಗೆ ಇಂಥ ಕೆರೆಯ ಕೆಳಗೆ ಇಷ್ಟು ಮತ್ತರು ಗದ್ದೆ, ಅದರ ಗಡಿ ಇಂತಿಂಥದ್ದು. ವಿಷಯ ಇರೋದು ಅಲ್ಲಿ. ರಾಜನೋ ಅಲ್ಲೆಲ್ಲೋ ದೂರದ ಮಾನ್ಯಖೇಟದಲ್ಲಿ, ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಹೆಡ್ ಆಫೀಸಿನಲ್ಲಿ ಕೂತಿದ್ದಾನೆ.

ಮುದ್ರೆಯನ್ನೇ ವಿಷಯ ಅಂತ ಓದಿದರೆ ಏನಾಗುತ್ತೆ ಅನ್ನೋದಕ್ಕೆ ಜಕ್ಕಿಯಬ್ಬೆಯ ಶಾಸನ ನೋಡಬೇಕು. 7ನೇ ಸಂಪುಟ, ಶಿಕಾರಿಪುರ 219. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲ, ಬನವಾಸಿಗೆ ಮಹಾಸಾಮಂತ ಕಲಿವಿಟ್ಟರಸ. ಸುಮಾರು 911ರಲ್ಲಿ ನಾಗರಖಂಡದ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ. ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಆಕೆ ಏಳೆಂಟು ವರ್ಷ ಎಪ್ಪತ್ತನ್ನು ಆಳಿದಳು. ಕೊನೆಗೆ ಕಾಯಿಲೆ ಬಿದ್ದು, ಮಗಳನ್ನು ಕರೆಸಿ ತನ್ನದನ್ನೆಲ್ಲ ಒಪ್ಪಿಸಿ, 918ರಲ್ಲಿ ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಆ ಬಂದಣಿಕೆಯೇ ಈಗಿನ ಬಂದಳಿಕೆ.

ಈ ಶಾಸನ ಮಹಿಳಾ ದಿನಾಚರಣೆಯ ಭಾಷಣಗಳಿಗೆ ಚೆನ್ನಾಗಿ ಒದಗುತ್ತೆ. 'ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಮಹಿಳಾ ಅಧಿಕಾರಿ ಇದ್ದರು' ಅಂತ ಹೇಳಿ ಚಪ್ಪಾಳೆ ತಗೊಳ್ಳಬಹುದು. ಇತಿಹಾಸದ ಪುಸ್ತಕಗಳೂ ಹೆಚ್ಚುಕಡಿಮೆ ಹೀಗೇ ಉಲ್ಲೇಖಿಸಿ ಮುಂದೆ ಹೋಗ್ತವೆ. ಭಾಸ್ಕರ ಆನಂದ ಸಾಲೆತ್ತೂರರು 1938ರಲ್ಲಿ ಮಧ್ಯಕಾಲದ ಜೈನಧರ್ಮದ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕದಲ್ಲಿ ಆಕೆ ಧರ್ಮನಿಷ್ಠ ಹೆಂಗಸರ ಸಾಲಿನಲ್ಲಿ ಬರುತ್ತಾಳೆ. ತಪ್ಪೇನಿಲ್ಲ, ಆಕೆ ಜೈನಳೇ, ನಿಷ್ಠೆಯವಳೇ. ಆದರೆ ಶಾಸನ ಬರೆದವನು ಆಕೆಯನ್ನು ಹೊಗಳುವ ಕ್ರಮ ನೋಡಿ: ಆಡಳಿತದಲ್ಲಿ ಸಮರ್ಥೆ, ಜಿನಶಾಸನಕ್ಕೆ ನಿಷ್ಠೆಯುಳ್ಳವಳು, ರೂಪವತಿ, ಹೆಣ್ಣಾಗಿದ್ದರೂ ತನ್ನ ಪರಾಕ್ರಮದಿಂದ ಎಪ್ಪತ್ತನ್ನು ಕಾಪಾಡಿದವಳು. ಅಪ್ರೈಸಲ್ ಫಾರ್ಮು ತುಂಬಿದ ಹಾಗಿದೆ ಅಲ್ವಾ? ಕಾಂಪಿಟೆನ್ಸಿ, ಲಾಯಲ್ಟಿ, ಮಧ್ಯದಲ್ಲಿ ಯಾಕೋ ರೂಪ, ಆಮೇಲೆ ಆ 'ಹೆಣ್ಣಾಗಿದ್ದರೂ'. ಹತ್ತನೇ ಶತಮಾನದ ಗುಮಾಸ್ತ ಅಚ್ಚರಿಪಟ್ಟ ಜಾಗದಲ್ಲೇ ಇಪ್ಪತ್ತೊಂದನೇ ಶತಮಾನದ ಭಾಷಣಕಾರನೂ ಅಚ್ಚರಿಪಡುತ್ತಾನೆ. ಇಬ್ಬರಿಗೂ ಆಕೆ ಹೆಣ್ಣು ಅನ್ನೋದೇ ಸುದ್ದಿ. ಎಪ್ಪತ್ತು ಊರು ಸುದ್ದಿ ಅಲ್ಲ.

ನನಗೆ ಕುತೂಹಲ ಇರೋದು ಬೇರೆ ಕಡೆ. ಹುದ್ದೆ ಖಾಲಿಯಾದಾಗ ಅದು ಮನೆಯೊಳಗೇ ಉಳಿಯಿತು, ಗಂಡನಿಂದ ಹೆಂಡತಿಗೆ. ಅಂದ್ರೆ ಅದು ಮನೆತನದ ಆಸ್ತಿಯಂತೆ ಇತ್ತು. ಆದರೆ ಸುಮ್ಮನೆ ಇಳಿದು ಬರಲಿಲ್ಲ, ಮೇಲಿನಿಂದ ಕೊಡಬೇಕಾಯಿತು. ಅಂದ್ರೆ ಪೂರ್ತಿ ಸ್ವಂತದ್ದೂ ಅಲ್ಲ. ಈ ಎರಡರ ನಡುವಿನ ಜಾಗದಲ್ಲೇ ಕರ್ನಾಟಕದ ಹಳ್ಳಿ ಅಧಿಕಾರ ಸಾವಿರ ವರ್ಷ ನಿಂತಿತ್ತು. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ಹೋದದ್ದು 1961ರ ಕಾಯ್ದೆಯಿಂದ, ಅದು ಜಾರಿಯಾದದ್ದು 1963ರ ಫೆಬ್ರವರಿ 1ರಂದು. ನಿಮ್ಮ ಅಜ್ಜನ ಕಾಲದ ಮಾತು, ಪುರಾಣ ಅಲ್ಲ. ಇನ್ನು ಆ ಮಗಳು. ತಾಯಿ ಆಕೆಗೆ ಒಪ್ಪಿಸಿದ್ದು ಮನೆಮಠವನ್ನೋ, ಎಪ್ಪತ್ತನ್ನೂ ಸೇರಿಸಿಯೋ? ತಾಯಿಯಿಂದ ಮಗಳಿಗೆ ಹುದ್ದೆ ಹೋಯಿತು ಅಂತಾದರೆ ಅದು ಇಡೀ ಕತೆಯನ್ನೇ ಬದಲಿಸುತ್ತೆ. ಯಾವ ಭಾಷಣದಲ್ಲೂ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ರಾಜರ ಪಟ್ಟಿಯಿಂದ ಹೊರಬಂದು ಶಾಸನ ಓದಿದವರು ಇಲ್ಲ ಅಂತಲ್ಲ. ಜಿ. ಎಸ್. ದೀಕ್ಷಿತರು 1964ರಲ್ಲಿ ಮಧ್ಯಕಾಲೀನ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಬಂದದ್ದು 1966ರಲ್ಲಿ. ಎರಡೂ ದೊಡ್ಡ ಕೆಲಸ, ನನ್ನ ಒಲವು ಎರಡನೆಯದರ ಕಡೆಗೆ. 'ಸ್ವಯಮಾಡಳಿತ' ಅನ್ನೋ ಮಾತಿನಲ್ಲೇ ಆ ಹೊತ್ತಿನ ಆಸೆ ಕಾಣುತ್ತೆ. ದೇಶದಲ್ಲಿ ಪಂಚಾಯತಿ ರಾಜ್ ಆಗಷ್ಟೇ ಶುರುವಾಗಿತ್ತು, ನಮಗೂ ಹಳೆಯ ಬೇರು ಇದೆ ಅಂತ ತೋರಿಸಬೇಕಿತ್ತು. ಆದರೆ 'ಸ್ವಯಂ' ಅಂದರೆ ಯಾರು? ಗಾವುಂಡರು ಸೇರಿ ತೀರ್ಮಾನ ಮಾಡಿದರೆ ಊರು ಸೇರಿ ಮಾಡಿದ ಹಾಗೆ ಆಗುತ್ತಾ? ಉತ್ತವನ ಹೆಸರು ಆ ಕಲ್ಲಿನಲ್ಲಿ ಹುಡುಕಿದರೂ ಸಿಗೋದು ಕಷ್ಟ. ಸಿಗುವುದು ಅವನು ಕೊಡಬೇಕಾದ ಬಾಬ್ತುಗಳು: ವಡ್ಡರಾವುಳ, ಪೆರ್ಜುಂಕ, ಬಿಲ್ಕೊಡೆ. ಇದರಲ್ಲಿ ದೊಡ್ಡ ಸುಂಕ ಯಾವುದು, ಚಿಲ್ಲರೆ ಯಾವುದು ಅಂತ ನಮಗೆ ಗೊಂದಲ. ಕೊಟ್ಟವನಿಗೆ ಗೊಂದಲ ಇರಲಿಲ್ಲ.

ಬಳ್ಳಿಗಾವಿಯ ಕೋಡಿಮಠದ 1162ರ ಶಾಸನಕ್ಕೂ ಇದೇ ಗತಿ. ಕಳಚುರಿ ಬಿಜ್ಜಳನ ಕಾಲದ್ದು. ಅಲ್ಲಿ ವ್ಯಾಕರಣ, ದರ್ಶನಗಳ ಪಾಠ ಇತ್ತು, ಕುರುಡರಿಗೆ, ಕುಂಟರಿಗೆ, ಬಡವರಿಗೆ ಅನ್ನ ಇತ್ತು, ರೋಗಿಗಳಿಗೆ ಔಷಧ ಇತ್ತು ಅಂತ ಅದು ಹೇಳುತ್ತೆ. ನಮ್ಮ ನಳಂದ ಅಂತ ಫಾರ್ವರ್ಡ್ ಮಾಡೋಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮಠ ನಡೆದದ್ದು ದತ್ತಿ ಬಿಟ್ಟ ಹಳ್ಳಿಗಳ ಹುಟ್ಟುವಳಿಯಿಂದ. ಆ ಭತ್ತ ಅಳೆದು ಕೊಟ್ಟವರು ಆ ಪಾಠಶಾಲೆಯ ಮೆಟ್ಟಿಲು ಹತ್ತಿದ್ರಾ ಅಂತ ಕೇಳಿದರೆ ಫಾರ್ವರ್ಡ್ ಅಲ್ಲಿಗೇ ನಿಲ್ಲುತ್ತೆ.

ಅಳತೆ ಅಂದಾಗ ನೆನಪಾಯಿತು. ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬ ಇದೆ. 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ನಿಲ್ಲಿಸಿದ್ದು. ಟೂರಿಸ್ಟುಗಳು ಮೇಲಿನ ಎರಡು ತಲೆಯ ಹಕ್ಕಿ ನೋಡಿ, ರಾಜ್ಯದ ಲಾಂಛನ ಅಂತ ಫೋಟೋ ತೆಗೆಯುತ್ತಾರೆ. ಅದೇ ಕಾಲದ ದಾನಶಾಸನದಲ್ಲಿ ಗದ್ದೆ ಅಳೆದದ್ದು 'ಭೇರುಂಡ ಗಳೆ'ಯಿಂದ. ಗಳೆ ಅಂದರೆ ಅಳತೆಕೋಲು. ಒಂದೊಂದು ಕಡೆ ಒಂದೊಂದು ಗಳೆ ಇದ್ದ ಕಾಲ ಅದು, ಅದಕ್ಕೇ ಯಾವ ಗಳೆ ಅಂತ ಕಲ್ಲಿನಲ್ಲಿ ಬರೆಸಬೇಕಾಗ್ತಿತ್ತು. ಕೋಲು ಒಂದು ಗೇಣು ಹೆಚ್ಚುಕಡಿಮೆ ಆದರೆ ಮತ್ತರು ಬದಲಾಗುತ್ತೆ, ಮತ್ತರು ಬದಲಾದರೆ ತೆರಿಗೆ ಬದಲಾಗುತ್ತೆ. ಬಿರುದುಗಳಿಗಿಂತ ಈ ಕೋಲಿನಲ್ಲಿ ಹೆಚ್ಚು ಅಧಿಕಾರ ಇತ್ತು ಅಂತ ನನಗನ್ನಿಸುತ್ತೆ. ಉತ್ಪ್ರೇಕ್ಷೆ ಅನ್ನಿಸಿದರೆ ಸೊರಬದ ಪಕ್ಕದ ಸಾಗರ ತಾಲ್ಲೂಕಿಗೆ ಬನ್ನಿ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ವಿಷಯಕ್ಕೆ. ಗೇಣಿ ಭತ್ತ ಅಳೆಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಅನ್ನೋದು ಅವರ ದೂರು. ಲೋಹಿಯಾ ಬಂದರು, ಬಂಧನಕ್ಕೊಳಗಾದರು, ಮುಂದೆ ಉಳುವವನೇ ಹೊಲದೊಡೆಯ ಅನ್ನೋ ತನಕ ಮಾತು ಬೆಳೆಯಿತು. ಶುರುವಾದದ್ದು ಒಂದು ಅಳತೆಯ ಪಾತ್ರೆಯಿಂದ.

ದಾನಶಾಸನಗಳೆಲ್ಲ ಅಧಿಕಾರಿಗಳು ತಮ್ಮ ಬಗ್ಗೆ ತಾವೇ ಬರೆಸಿಕೊಂಡ ಫೈಲು. ಅಲ್ಲಿ ಆಡಳಿತ ಯಾವತ್ತೂ ಸುಸೂತ್ರ. ಆಡಳಿತ ಕೈಕೊಟ್ಟದ್ದು ದಾಖಲಾಗಿರೋದು ವೀರಗಲ್ಲುಗಳಲ್ಲಿ, ಸೊರಬದ ಕಡೆ ಅವುಗಳಿಗೆ ಬರವಿಲ್ಲ. ಕಾರಣಗಳಿಗೂ ರೂಢಿಯ ಹೆಸರುಗಳಿವೆ: ದನ ಹೊಡೆದುಕೊಂಡು ಹೋದರೆ ತುರುಗೊಳ್, ಊರು ಹಾಳಾದರೆ ಊರಳಿವು, ಹೆಂಗಸರ ಮೇಲೆ ಕೈಮಾಡಿದರೆ ಪೆಣ್ಬುಯ್ಯಲ್. ಒಂದು ಅಪರಾಧಕ್ಕೆ ಖಾಯಂ ಹೆಸರು ಹುಟ್ಟಬೇಕಾದರೆ ಅದು ಎಷ್ಟು ಸಲ ನಡೆದಿರಬೇಕು, ಯೋಚಿಸಿ. ಮೇಲೆ ಮಹಾಸಾಮಂತ, ದಂಡನಾಯಕ, ಪೆರ್ಗಡೆ, ಇಷ್ಟೆಲ್ಲ ಇದ್ದರೂ ದನ ಬಿಡಿಸಿಕೊಂಡು ಬರೋಕೆ ಓಡಿದವನು ಊರಿನವನೇ. ಸತ್ತವನೂ ಅವನೇ. ಆಮೇಲೆ ಅವನ ಮನೆಯವರಿಗೆ ಒಂದಿಷ್ಟು ಭೂಮಿ, ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಪರಿಹಾರಧನಕ್ಕೆ ಇಷ್ಟು ನೇರವಾದ ಹೆಸರು ಇಡುವ ಧೈರ್ಯ ನಮ್ಮ ಯಾವ ಇಲಾಖೆಗೂ ಇಲ್ಲ. ನಾಗರಖಂಡದ ಆಡಳಿತದ ಬಗ್ಗೆ ಯಾರಾದರೂ ಬರೆಯುವುದಾದರೆ ದಾನಶಾಸನ ಮತ್ತು ವೀರಗಲ್ಲು ಎರಡನ್ನೂ ಒಂದೇ ಪುಟದಲ್ಲಿ ಎದುರುಬದುರು ಇಡಬೇಕು. ಎಡಗಡೆ ನಾಳ್ಗಾವುಂಡ ನಾಡನ್ನು ಕಾಪಾಡಿದ ವರ್ಣನೆ, ಬಲಗಡೆ ಅದೇ ನಾಡಿನಲ್ಲಿ ಕಾಪಾಡಲು ಹೋಗಿ ಸತ್ತವರು.

ಈ ಕೆಲಸಕ್ಕೆ ಹಳಗನ್ನಡ ಬಲ್ಲವರು ಮಾತ್ರ ಸಾಲದು, ನಕ್ಷೆ ಮತ್ತು ಡೇಟಾ ಬಲ್ಲವರೂ ಬೇಕು, ಅಂದ್ರೆ ನೀವು. ರೈಸ್ ಸಂಪುಟಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪಹಣಿಗಳು ಕಂಪ್ಯೂಟರಿಗೆ ಬಂದು ವರ್ಷಗಳಾದವು. ಊರಿನ ಹೆಸರುಗಳೂ ಪೂರ್ತಿ ಅಳಿದಿಲ್ಲ: ಉದ್ಧರೆ ಉದ್ರಿ ಆಗಿದೆ, ಸ್ಥಾಣಕುಂದೂರು ತಾಳಗುಂದ ಆಗಿದೆ, ಕುಪ್ಪಟೂರು ಕುಪ್ಪಟೂರೇ ಆಗಿದೆ. ಎರಡು ರಟ್ಟಿನ ನಡುವೆ ಸೀಳಿಹೋದ ಎಪ್ಪತ್ತನ್ನು ಮತ್ತೆ ಒಂದು ನಕ್ಷೆಯ ಮೇಲೆ ಕೂರಿಸೋಕೆ ಕೆಲವು ವಾರಾಂತ್ಯ ಸಾಕು. ಮೊದಲ ಚುಕ್ಕಿ ಬಂದಳಿಕೆಯ ಮೇಲೆ ಇಡಿ. ಆಮೇಲೆ ಒಂದೊಂದೇ ವೀರಗಲ್ಲು ಹಾಕುತ್ತಾ ಹೋಗಿ, ದನ ಯಾವ ದಿಕ್ಕಿಗೆ ಹೋಗ್ತಿದ್ವು ಅಂತ ನೋಡೋಣ.