ಬಬಲ್ ಸಾರ್ಟ್‌ಗೆ ಸಿಕ್ಕ ಮರ್ಯಾದೆ

ಮುಂಬಯಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಕ್ಕಪಕ್ಕದವನ್ನು ಹೋಲಿಸಿ ಅದಲುಬದಲು ಮಾಡುತ್ತಾ ಪಟ್ಟಿ ಜೋಡಿಸುವ ಬಬಲ್ ಸಾರ್ಟ್ ಬರೆಯದೆ ಪಾಸಾದವರು ಸಿಗುವುದು ಕಷ್ಟ. ಜರ್ನಲ್ಲಿನಲ್ಲಿ ಅದಿರುತ್ತದೆ, ವೈವಾದಲ್ಲೂ ಅದನ್ನೇ ಕೇಳುತ್ತಾರೆ. ಇಷ್ಟು ಮರ್ಯಾದೆಗೆ ಅದು ಖಂಡಿತ ಯೋಗ್ಯವಲ್ಲ. ಆಕರ್ಷಕ ಹೆಸರು ಬಿಟ್ಟರೆ ಅದರಲ್ಲಿ ಹೊಗಳುವಂಥದ್ದು ಹೆಚ್ಚೇನಿಲ್ಲವೆಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂಥ್ 1973ರಲ್ಲೇ ಹೇಳಿಯಾಗಿದೆ. ಅದಲುಬದಲಿಲ್ಲದ ಸುತ್ತು ಬಂದೊಡನೆ ನಿಲ್ಲಿಸುವ ಫ್ಲ್ಯಾಗ್ ಒಂದನ್ನು ಸೇರಿಸಿದರೆ ಸುಧಾರಿಸುತ್ತದೆ ಎನ್ನುವವರು, ಕ್ರಮದಲ್ಲಿರುವ ಒಂಬತ್ತು ಸಂಖ್ಯೆಗಳ ಕೊನೆಗೆ ಎಲ್ಲಕ್ಕಿಂತ ಚಿಕ್ಕದನ್ನು ಇಟ್ಟು ನೋಡಲಿ. ಆ ಚಿಕ್ಕದು ಸುತ್ತಿಗೊಂದು ಹೆಜ್ಜೆಯಷ್ಟೇ ಮುಂದೆ ಬರುತ್ತದೆ. ಫ್ಲ್ಯಾಗ್ ಇದ್ದರೂ 45 ಹೋಲಿಕೆಗಳು ತಪ್ಪುವುದಿಲ್ಲ. ಇನ್ಸರ್ಷನ್ ಸಾರ್ಟ್ ಅದನ್ನೇ 17ರಲ್ಲಿ ಮುಗಿಸುತ್ತದೆ.

ಕೈಯಾರೆ ಬರೆಯಬೇಕಾದದ್ದು ಈ ಇನ್ಸರ್ಷನ್ ಸಾರ್ಟನ್ನು. ಅದರ ಜೀವವಿರುವುದು ಒಂದೇ ಸಾಲಿನಲ್ಲಿ: ಎಡಗಡೆಯದು ಕೈಯಲ್ಲಿರುವುದಕ್ಕಿಂತ ದೊಡ್ಡದಿರುವ ತನಕ ಅದನ್ನು ಒಂದು ಮನೆ ಬಲಕ್ಕೆ ಸರಿಸು. ಆ ಸಾಲಿನ ‘>’ ಚಿಹ್ನೆಯನ್ನು ‘>=’ ಮಾಡಿ. ಐದು ಸಂಖ್ಯೆ ಕೊಟ್ಟರೆ ಉತ್ತರ ಬದಲಾಗುವುದಿಲ್ಲ, ಪರೀಕ್ಷಕರು ಸಹಿ ಹಾಕುತ್ತಾರೆ. ಹೊರಡುವ ಸಮಯದ ಕ್ರಮದಲ್ಲಿರುವ ಸೆಂಟ್ರಲ್ ಲೈನಿನ ಲೋಕಲ್‌ಗಳ ಪಟ್ಟಿಯನ್ನು ಕೊನೆಯ ಸ್ಟೇಷನ್ನಿನ ಹೆಸರಿನ ಪ್ರಕಾರ ಜೋಡಿಸಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ‘>’ ಇದ್ದರೆ ಕಲ್ಯಾಣದ ಗಾಡಿಗಳು ತಮ್ಮೊಳಗೆ ಸಮಯದ ಕ್ರಮದಲ್ಲೇ ಉಳಿಯುತ್ತವೆ. ‘>=’ ಇದ್ದರೆ ರಾತ್ರಿಯ ಗಾಡಿ ಮೊದಲು, ಬೆಳಗಿನದು ಕೊನೆಗೆ. ಸಮಾನವಾದವುಗಳ ಪಾಡೇನು ಎಂಬ ಈ ಪ್ರಶ್ನೆಯನ್ನು ಸಂಖ್ಯೆಗಳ ಪಟ್ಟಿ ಎಬ್ಬಿಸುವುದೇ ಇಲ್ಲ. ಅಭ್ಯಾಸವನ್ನು ಕೆಡಿಸಿರುವುದು ಬಬಲ್ ಸಾರ್ಟಿನಷ್ಟೇ ಆ ಐದು ಸಂಖ್ಯೆಗಳು ಕೂಡ.

ಸೀಪ್ಜ್, ಐರೋಲಿಯ ಐಟಿ ಮಂದಿಯ ವಾದ ಬೇರೆ: ಲೈಬ್ರರಿಯಲ್ಲಿ ಒಂದೇ ಸಾಲಿಗೆ ಸಿಗುವುದನ್ನು ಬರೆಯುತ್ತಾ ಕೂರುವುದೇಕೆ? ಕೆಲಸದ ಕೋಡಿನಲ್ಲಿ ಲೈಬ್ರರಿಯೇ ಸರಿ, ಅದನ್ನು ಒಪ್ಪುತ್ತೇನೆ. ಆದರೆ ಅಭ್ಯಾಸವೇ ದಂಡವೆಂಬ ಮಾತು ಉಡಾಫೆಯದು. ಪೈಥಾನ್‌ಗಾಗಿ ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್ ಕೂಡ ಚಿಕ್ಕ ತುಂಡುಗಳಿಗೆ ಇನ್ಸರ್ಷನ್ ಸಾರ್ಟನ್ನೇ ಬಳಸುತ್ತದೆ. ಜಾವಾಕ್ಕೆ ಬಂದ ಅದರ ರೂಪ ಸರಿಯಿದೆಯೆಂದು ಗಣಿತದಿಂದ ಸಾಧಿಸಲು ಹೊರಟ ಸಂಶೋಧಕರಿಗೆ 2015ರಲ್ಲಿ ಅದರಲ್ಲೇ ದೋಷ ಸಿಕ್ಕಿತು. ಲಕ್ಷಾಂತರ ಜನ ಕಣ್ಣುಮುಚ್ಚಿ ಬಳಸುತ್ತಿದ್ದ ಕೋಡು ಅದು.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಕರ್ಜತ್, ಕಲ್ಯಾಣ್, ಕಸಾರಾ, ಕಳವಾ ಎಂಬ ಸ್ಟೇಷನ್ ಹೆಸರುಗಳನ್ನು ಕನ್ನಡದಲ್ಲೇ ಪೈಥಾನ್‌ಗೆ ಕೊಡಿ. ನಮ್ಮ ವರ್ಣಮಾಲೆಯ ಪ್ರಕಾರ ಈಗಿರುವುದೇ ಸರಿಯಾದ ಕ್ರಮ. ಲೈಬ್ರರಿ ಮಾತ್ರ ಕಳವಾವನ್ನು ಕಸಾರಾಕ್ಕಿಂತ ಮುಂದಕ್ಕೆ ತರುತ್ತದೆ. ಯೂನಿಕೋಡ್‌ನಲ್ಲಿ ‘ಳ’ ಅಕ್ಷರದ ಸಂಖ್ಯೆ 3251, ‘ಸ’ ಅಕ್ಷರದ್ದು 3256. ‘ಹ’ ಆದ ಮೇಲೆ ಬರಬೇಕಾದ ‘ಳ’ ಅಲ್ಲಿ ‘ಲ’ದ ಬೆನ್ನಿಗೇ ಕೂತಿದೆ. ದೇವನಾಗರಿಯಲ್ಲೂ ಹೀಗೆಯೇ, ಹಾಗಾಗಿ ಮರಾಠಿ ಪಟ್ಟಿಯೂ ಕೆಡುತ್ತದೆ. ಒಮ್ಮೆಯಾದರೂ ಸಾರ್ಟ್ ಬರೆದವರಿಗೆ ತಪ್ಪು ಎಲ್ಲಿದೆಯೆಂದು ತಟ್ಟನೆ ಹೊಳೆಯುತ್ತದೆ: ಸರಿಸುವ ಭಾಗದಲ್ಲಿ ಅಲ್ಲ, ಹೋಲಿಸುವ ಭಾಗದಲ್ಲಿ. ಪ್ರತಿ ಅಕ್ಷರಕ್ಕೂ ವರ್ಣಮಾಲೆಯ ಸ್ಥಾನ ಕೊಡುವ ಕೋಷ್ಟಕವೊಂದನ್ನು ಬರೆದು, ಹೋಲಿಕೆಯನ್ನು ಅದರ ಮೂಲಕ ಮಾಡಿಸಿದರೆ ‘ಳ’ ತನ್ನ ಜಾಗಕ್ಕೆ ಬರುತ್ತದೆ. ಅದೇ ಕೋಷ್ಟಕವನ್ನು ಲೈಬ್ರರಿಯ ಸಾರ್ಟಿಗೂ ಕೊಡಬಹುದು.