ಏಜಾಕ್ಸನ ಸ್ಖಲಿತ

ಗ್ರೀಕರ ರುದ್ರನಾಟಕದ ನಾಯಕನು ಯಾವುದೋ ಒಂದು ದೋಷದಿಂದ ಕೆಡುವ ಮಹಾಪುರುಷನೆಂದು ಹೇಳಿಕೊಡುವುದು ವಾಡಿಕೆಯಾಗಿದೆ. ಇದಕ್ಕೆ ಆಧಾರವು ಅರಿಸ್ಟಾಟಲನ ಕಾವ್ಯಮೀಮಾಂಸೆಯ 13ನೆಯ ಅಧ್ಯಾಯ. ಆದರೆ ಅಲ್ಲಿರುವ ‘ಹಮಾರ್ತಿಯ’ ಎಂಬ ಶಬ್ದವು ಗುರಿತಪ್ಪುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಅದನ್ನು ಪಾಪವೆಂದಾಗಲಿ ಸ್ವಭಾವದೋಷವೆಂದಾಗಲಿ ಕನ್ನಡಿಸುವುದು ಸಾಧುವಲ್ಲ. ‘ಸ್ಖಲಿತ’ವೆಂಬುದು ಹೆಚ್ಚು ಸಮೀಪವಾದುದು. ಇದು ಕೇವಲ ಶಬ್ದಜಗಳವಲ್ಲ. ದೋಷವೆಂದೊಡನೆ ಪತನವು ಶಿಕ್ಷೆಯಾಗುತ್ತದೆ. ಉಚಿತವಾದ ಶಿಕ್ಷೆಯನ್ನು ಕಂಡವನಲ್ಲಿ ಕರುಣೆಗೆ ಎಡೆಯೆಲ್ಲಿ?

ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿ ಇದನ್ನು ಪರೀಕ್ಷಿಸಬಹುದು. ಮಡಿದ ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನಿಗೆ ಸಂದುವೆಂದು ಕೆರಳಿದ ಏಜಾಕ್ಸನು ಇರುಳಿನಲ್ಲಿ ಸ್ವಪಕ್ಷದ ನಾಯಕರನ್ನೇ ಕೊಲ್ಲಹೊರಡುತ್ತಾನೆ. ಅಥೀನಾದೇವಿಯು ಕವಿಸಿದ ಭ್ರಾಂತಿಯಿಂದ ದನಕುರಿಗಳನ್ನು ಕಡಿದುಹಾಕುತ್ತಾನೆ. ಬುದ್ಧಿ ತಿಳಿದ ಮೇಲೆ ಅವನನ್ನು ಸುಡುವುದು ಲಜ್ಜೆ, ಪಶ್ಚಾತ್ತಾಪವಲ್ಲ. ಕೊಲ್ಲಹೋದೆನೆಂದು ಅವನು ಮರುಗುವುದಿಲ್ಲ. ಕೊಲ್ಲಬೇಕಾದವರು ತಪ್ಪಿಸಿಕೊಂಡರೆಂದೇ ಮರುಗುತ್ತಾನೆ. ಇಂಥವನನ್ನು ದೋಷವಾದದಿಂದ ನಾಯಕನನ್ನಾಗಿಸುವುದು ಹೇಗೆ?

ದೋಷವಾದಿಗಳಿಗೆ ಒಂದು ಪ್ರಮಾಣವುಂಟು. ದೇವತೆಗಳ ನೆರವಿಲ್ಲದೆಯೇ ಗೆಲ್ಲುವೆನೆಂದು ಏಜಾಕ್ಸನು ಹಿಂದೆ ಗರ್ವಿಸಿದುದನ್ನು ಕ್ಯಾಲ್ಕಸ್ ಜ್ಯೋತಿಷಿಯ ಮಾತಾಗಿ ದೂತನು ತಿಳಿಸುತ್ತಾನೆ. ಆದರೆ ಅದೇ ದೂತನು ಮತ್ತೊಂದನ್ನೂ ಹೇಳುತ್ತಾನೆ: ದೇವಿಯ ಕೋಪ ಆ ಒಂದು ದಿನದ್ದು ಮಾತ್ರ, ಸಂಜೆಯವರೆಗೆ ಗುಡಾರದೊಳಗಿದ್ದರೆ ಅವನು ಉಳಿಯಬಹುದು. ಆ ವೇಳೆಗೆ ಏಜಾಕ್ಸನು ಹೊರಟುಹೋಗಿದ್ದಾನೆ. ಹೊರಡುವ ಮುನ್ನ, ಚಳಿಗಾಲವು ಬೇಸಗೆಗೂ ಇರುಳು ಹಗಲಿಗೂ ಎಡೆಗೊಡುವಂತೆ ತಾನೂ ಬಾಗುವೆನೆಂದು ನುಡಿದಿದ್ದಾನೆ. ಇದು ಬರಿಯ ವಂಚನೆಯೆಂಬುದು ಕೆಲವರ ಮತ. ವಾಚ್ಯಾರ್ಥದಲ್ಲಿ ಹಾಗೆ ತೋರಬಹುದು; ವ್ಯಂಗ್ಯಾರ್ಥ ಬೇರೆ. ಬಾಗುವುದು ಲೋಕಧರ್ಮವೆಂದು ಅವನು ಚೆನ್ನಾಗಿ ಕಂಡಿದ್ದಾನೆ, ಕಂಡುದರಿಂದಲೇ ಆ ಲೋಕದಲ್ಲಿ ತನಗೆ ಎಡೆಯಿಲ್ಲವೆಂದು ಅರಿತಿದ್ದಾನೆ. ಪತ್ನಿ ಟೆಕ್ಮೆಸ್ಸಳ ಬೇಡಿಕೆಗೂ ಎಳೆಯ ಮಗನ ಮುಖಕ್ಕೂ ಆ ನಿಶ್ಚಯ ಕರಗಲಿಲ್ಲ. ಹೆಕ್ಟರನು ಕೊಟ್ಟ ಖಡ್ಗದ ಮೇಲೆ ಬಿದ್ದು ಪ್ರಾಣಬಿಡುತ್ತಾನೆ.

ದಶರೂಪಕದ ನಾಯಕಭೇದದಲ್ಲಿ ಇವನು ಧೀರೋದ್ಧತನ ಸಮೀಪದವನು. ಆದರೆ ಆಧಿಕಾರಿಕನ ವಧೆಯನ್ನು ಆ ಶಾಸ್ತ್ರವು ಒಪ್ಪದಾದುದರಿಂದ ಹೋಲಿಕೆಯು ಅಲ್ಲಿಗೇ ನಿಲ್ಲುತ್ತದೆ.

ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಪ್ರಕಟಿಸಿದ ‘ಅಶ್ವತ್ಥಾಮನ್’ ಈ ಗ್ರೀಕ್ ನಾಟಕದ ಎರಕದಲ್ಲಿಯೇ ಮೂಡಿದುದು. ಚಿರಂಜೀವಿಗೆ ಸಾವನ್ನು ವಿಧಿಸಿದುದು ಅನುಚಿತವೆಂಬ ಆಕ್ಷೇಪಕ್ಕೆ ಬೆಲೆ ಕಡಮೆ. ಕವಿಗೆ ಅಷ್ಟು ಸ್ವಾತಂತ್ರ್ಯವುಂಟು. ನಿಜವಾದ ತೊಡಕು ಬೇರೆಡೆ ಇದೆ. ಏಜಾಕ್ಸನ ಕೈಗೆ ಹತ್ತಿದುದು ಹೆಚ್ಚಾಗಿ ಪಶುಗಳ ನೆತ್ತರು. ಅವನ ಅವಮಾನವೆಲ್ಲ ಆ ನಗೆಗೇಡಿನಲ್ಲಿದೆ. ಸೌಪ್ತಿಕಪರ್ವದ ದ್ರೋಣಪುತ್ರನಾದರೋ ಮಲಗಿದ್ದವರನ್ನು ಕೊಂದವನು. ಭಾರತವನ್ನು ಬಲ್ಲ ಓದುಗನಿಗೆ ಆ ಶಿಶುಹತ್ಯೆಯ ನೆನಪು ಬಾರದಿರದು. ಒಡನೆಯೇ ಸ್ಖಲಿತವು ಪಾತಕವಾಗಿ ತೋರಿ, ಮರಣವು ಶಿಕ್ಷೆಯ ಬಣ್ಣವನ್ನು ತಳೆಯುತ್ತದೆ.

ಏಜಾಕ್ಸನು ಸತ್ತ ಮೇಲೂ ನಾಟಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಉಳಿದಿರುತ್ತದೆ. ಶವಸಂಸ್ಕಾರದ ಈ ಕಲಹವನ್ನು ಅನಾವಶ್ಯಕವೆನ್ನುವವರು ನಾಯಕನನ್ನು ಅವನ ಬಾಯಿಂದಷ್ಟೆ ತಿಳಿಯುವವರು. ಮೊದಲ ದೃಶ್ಯದಲ್ಲಿ, ಹುಚ್ಚನಾದ ಶತ್ರುವನ್ನು ಕಂಡು ನಗೆಂದು ದೇವಿಯು ಪ್ರೇರಿಸಿದರೂ, ಅವನ ಗತಿಯಲ್ಲಿ ತನ್ನದನ್ನೇ ಕಂಡು ಕನಿಕರಿಸಿದವನು ಒಡಿಸ್ಯೂಸ್. ಕೊನೆಯಲ್ಲಿ ಅಗಮೆಮ್ನನನನ್ನು ಒಪ್ಪಿಸಿ ಸಂಸ್ಕಾರವನ್ನು ದೊರಕಿಸಿದವನೂ ಅವನೇ. ಮೃತನ ತಮ್ಮ ಟ್ಯೂಸರನು ಅವನಿಗೆ ಕೃತಜ್ಞನಾಗುತ್ತಾನೆ. ಆದರೆ ಶವವನ್ನು ಮುಟ್ಟಗೊಡುವುದಿಲ್ಲ, ಅಣ್ಣನಿಗೆ ಅದು ಒಪ್ಪಿತವಾಗದೆಂದು.