‘ಬೇಕು’ ಮತ್ತು ‘ಹೇಗೆ’: ಹಿರಿಯ ಪ್ರಾಥಮಿಕ ಹಂತದಲ್ಲಿ ವಿವರಣಾತ್ಮಕ ಪ್ರಬಂಧದ ಬೋಧನೆ

1

ಕನ್ನಡದಲ್ಲಿ ‘ಪ್ರಬಂಧ’ ಎಂಬ ಪದವು ಎರಡು ಬೇರೆ ಬೇರೆ ನೆಲೆಗಳಲ್ಲಿ ಬಳಕೆಯಲ್ಲಿದೆ. ಸಾಹಿತ್ಯ ಚರಿತ್ರೆಯಲ್ಲಿ ಅದು ಎ.ಎನ್. ಮೂರ್ತಿರಾವ್, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮೊದಲಾದವರು ಬೆಳೆಸಿದ ಗದ್ಯಪ್ರಕಾರ. ಶಾಲೆಯಲ್ಲಿ ಅದು ಅಂಕಗಳಿಗಾಗಿ ಉತ್ತರಿಸಬೇಕಾದ ಒಂದು ಪ್ರಶ್ನೆ. ಮೊದಲನೆಯದನ್ನು ಕುರಿತು ಕನ್ನಡ ವಿಮರ್ಶೆ ವಿಸ್ತಾರವಾಗಿ ಚರ್ಚಿಸಿದೆ. ಎರಡನೆಯದನ್ನು ಶಿಕ್ಷಣಶಾಸ್ತ್ರದ ಪಾಲಿಗೆ ಬಿಟ್ಟು ಸುಮ್ಮನಾಗಿದೆ. ಆದರೆ ಓದುಬರಹ ಬಲ್ಲ ಕನ್ನಡಿಗರಲ್ಲಿ ಬಹಳ ಮಂದಿ ತಮ್ಮ ಜೀವಮಾನದಲ್ಲಿ ಬರೆಯುವ ದೀರ್ಘ ಗದ್ಯವೆಂದರೆ ಶಾಲೆಯ ಪ್ರಬಂಧವೇ. ಆದ್ದರಿಂದ ಅದರ ಸ್ವರೂಪವನ್ನು ಪರಿಶೀಲಿಸುವುದು ಸಾಹಿತ್ಯ ವಿಮರ್ಶೆಯ ಹೊಣೆಯೂ ಹೌದು.

ಶಾಲಾ ವ್ಯಾಕರಣದ ಪುಸ್ತಕಗಳು ಪ್ರಬಂಧವನ್ನು ಕಥನಾತ್ಮಕ, ವರ್ಣನಾತ್ಮಕ, ವಿವರಣಾತ್ಮಕ, ಚಿಂತನಾತ್ಮಕ ಎಂದು ವಿಂಗಡಿಸುತ್ತವೆ. ಇವುಗಳಲ್ಲಿ ಒಂದು ವಸ್ತು, ಕ್ರಿಯೆ ಅಥವಾ ವ್ಯವಸ್ಥೆ ಏನು, ಅದು ಹೇಗೆ ನಡೆಯುತ್ತದೆ, ಏಕೆ ಹಾಗೆ ಎಂಬುದನ್ನು ತಿಳಿಯದವರಿಗೆ ತಿಳಿಯುವಂತೆ ಹೇಳುವುದು ವಿವರಣಾತ್ಮಕ ಪ್ರಬಂಧದ ಕೆಲಸ. 6ರಿಂದ 8ನೆಯ ತರಗತಿಯವರೆಗಿನ ಮಕ್ಕಳು ಈ ಬಗೆಯ ಬರವಣಿಗೆಗೆ ಸಿದ್ಧರಾಗಿರುತ್ತಾರೆ. ಕಾರಣವನ್ನೂ ಪರಿಣಾಮವನ್ನೂ ಬೇರ್ಪಡಿಸಿ ನೋಡುವ ಶಕ್ತಿ ಆ ವಯಸ್ಸಿನಲ್ಲಿ ಗಟ್ಟಿಗೊಳ್ಳುತ್ತದೆ. ಆದರೂ ಅವರ ನೋಟುಪುಸ್ತಕಗಳಲ್ಲಿ ವಿವರಣೆ ಅಪರೂಪ. ಇದಕ್ಕೆ ಕಾರಣವನ್ನು ಮಕ್ಕಳ ಅಶಕ್ತಿಯಲ್ಲಿ ಹುಡುಕುವ ಬದಲು ಅವರಿಗೆ ಕೊಡುವ ವಿಷಯಗಳ ರಚನೆಯಲ್ಲಿ ಹುಡುಕುವುದು ಸೂಕ್ತ.

2

‘ಗ್ರಂಥಾಲಯಗಳ ಮಹತ್ವ’, ‘ಪರಿಸರ ಸಂರಕ್ಷಣೆ’, ‘ರಾಷ್ಟ್ರೀಯ ಹಬ್ಬಗಳ ಮಹತ್ವ’, ‘ಸ್ವಚ್ಛತೆ’, ‘ನೀರಿನ ಮಿತಬಳಕೆ’ – ಇವು ತಲೆಮಾರುಗಳಿಂದ ಬಳಕೆಯಲ್ಲಿರುವ ವಿಷಯಗಳು. ಇವೆಲ್ಲಕ್ಕೂ ಒಂದು ಸಮಾನ ಲಕ್ಷಣವಿದೆ. ಇವು ವಸ್ತುವನ್ನು ವಿವರಿಸಲು ಕೇಳುವುದಿಲ್ಲ. ಅದರ ಬೆಲೆಯನ್ನು ಒಪ್ಪಿಕೊಳ್ಳಲು ಕೇಳುತ್ತವೆ. ತೀರ್ಪು ಶೀರ್ಷಿಕೆಯಲ್ಲಿಯೇ ಅಡಗಿರುವಾಗ ಬರೆಯುವ ಮಗುವಿಗೆ ಉಳಿಯುವುದು ಆ ತೀರ್ಪನ್ನು ಅಲಂಕರಿಸುವ ಕೆಲಸ ಮಾತ್ರ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತಾರೆ, ಬೇಕಾದ ಪುಸ್ತಕವನ್ನು ಹೇಗೆ ಹುಡುಕುತ್ತಾರೆ ಎಂಬುದನ್ನು ಅರಿಯದೆಯೂ ‘ಗ್ರಂಥಾಲಯಗಳ ಮಹತ್ವ’ವನ್ನು ಎರಡು ಪುಟ ಬರೆಯಬಹುದು, ಬರೆದು ಪೂರ್ಣ ಅಂಕಗಳನ್ನೂ ಪಡೆಯಬಹುದು.

ಇದರ ಪರಿಣಾಮ ವಾಕ್ಯದ ಮಟ್ಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂತಹ ಪ್ರಬಂಧಗಳ ಪ್ರಧಾನ ಕ್ರಿಯಾಪದ ‘ಬೇಕು’. ಗಿಡಗಳನ್ನು ನೆಡಬೇಕು, ನೀರನ್ನು ಉಳಿಸಬೇಕು, ಹಿರಿಯರನ್ನು ಗೌರವಿಸಬೇಕು ಎಂಬ ವಿಧಿವಾಕ್ಯಗಳ ಸರಣಿಯೇ ವಿಷಯ ನಿರೂಪಣೆಯ ಸ್ಥಾನವನ್ನು ಆಕ್ರಮಿಸುತ್ತದೆ. ಉಪಸಂಹಾರವಂತೂ ಬಹುತೇಕ ‘ನಾವೆಲ್ಲರೂ’ ಎಂದು ಆರಂಭವಾಗಿ ‘ಬೇಕು’ ಎಂದೇ ಮುಗಿಯುತ್ತದೆ. ‘ಬೇಕು’ ಎಂಬುದಕ್ಕೆ ಪುರಾವೆಯ ಅಗತ್ಯವಿಲ್ಲ. ಅದನ್ನು ಯಾರೂ ಅಲ್ಲಗಳೆಯುವಂತೆಯೂ ಇಲ್ಲ. ಅಲ್ಲಗಳೆಯಲಾಗದ ಮಾತುಗಳನ್ನಷ್ಟೇ ಬರೆಯುವ ಅಭ್ಯಾಸವಿರುವ ವಿದ್ಯಾರ್ಥಿಗೆ, ತನ್ನ ಮಾತು ನಿಜವೇ ಅಲ್ಲವೇ ಎಂದು ಪರೀಕ್ಷಿಸುವ ಸಂದರ್ಭವೇ ಒದಗುವುದಿಲ್ಲ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳ ಚೌಕಟ್ಟನ್ನು ಇದಕ್ಕೆ ಹೊಣೆಯಾಗಿಸುವುದು ವಾಡಿಕೆ. ಈ ಆಕ್ಷೇಪ ಪೂರ್ತಿ ನ್ಯಾಯವಾದುದಲ್ಲ. ಚೌಕಟ್ಟು ಸ್ವತಃ ದೋಷವಲ್ಲ. ಮೊದಲ ತಲೆಮಾರಿನಲ್ಲಿ ಅಕ್ಷರ ಕಲಿಯುತ್ತಿರುವ ಮಗುವಿಗೆ ಅದು ಊರುಗೋಲೂ ಆಗಬಲ್ಲದು. ತೊಂದರೆಯಿರುವುದು ಆ ಚೌಕಟ್ಟಿನೊಳಗೆ ತುಂಬಲು ಮಗುವಿಗೆ ತನ್ನದಾದ ತಿಳಿವಳಿಕೆ ಇಲ್ಲದ ವಿಷಯವನ್ನು ಕೊಡುವುದರಲ್ಲಿ. ಆಗ ಮಾರ್ಗದರ್ಶಿ ಪುಸ್ತಕದ ಕಂಠಪಾಠವೊಂದೇ ದಾರಿಯಾಗುತ್ತದೆ.

3

ಕೆರೆಯ ಉದಾಹರಣೆಯನ್ನು ಪರಿಶೀಲಿಸಬಹುದು. ‘ಕೆರೆಗಳ ಮಹತ್ವ’ ಎಂಬ ವಿಷಯವನ್ನು ಕೊಟ್ಟರೆ ಬಯಲುಸೀಮೆಯ ಹಳ್ಳಿಯೊಂದರ ಮಗು ಜಲವೇ ಜೀವ ಎಂಬ ಮಾತಿನಿಂದ ಆರಂಭಿಸುತ್ತದೆ. ‘ನಮ್ಮ ಕೆರೆಯ ನೀರು ಗದ್ದೆಗೆ ಹೇಗೆ ತಲಪುತ್ತದೆ?’ ಎಂದು ಕೇಳಿದರೆ ಅದೇ ಮಗು ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು, ನೀರುಗಂಟಿ ಎಂಬ ಪದಗಳ ನೆರವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರದು. ಈ ಪದಗಳು ಅದರ ಮನೆಯಲ್ಲಿಯೇ ಇವೆ. ಗೊತ್ತಿಲ್ಲದಿದ್ದರೆ ಹೋಗಿ ಕೇಳಿ ತಿಳಿಯಬಹುದಾದ ಹಿರಿಯರು ಊರಿನಲ್ಲಿದ್ದಾರೆ. ಆಗ ಮೂಡಬಹುದಾದ ಬರವಣಿಗೆಯ ಮಾದರಿಯೊಂದನ್ನು ಹೀಗೆ ಊಹಿಸಬಹುದು: ‘ನಮ್ಮ ಕೆರೆಗೆ ಎರಡು ತೂಬುಗಳಿವೆ. ನೀರು ಇಳಿದರೆ ಮೇಲಿನ ತೂಬಿಗೆ ನೀರು ಸಿಗುವುದಿಲ್ಲ. ಆದ್ದರಿಂದ ಬೇಸಗೆಯಲ್ಲಿ ಕೆಳಗಿನ ತೂಬನ್ನು ಮಾತ್ರ ತೆಗೆಯುತ್ತಾರೆ. ಮಳೆಗಾಲದಲ್ಲಿ ಕೆರೆ ತುಂಬಿದರೂ ನೀರು ಏರಿಯ ಮೇಲೆ ಹರಿಯುವುದಿಲ್ಲ. ಏಕೆಂದರೆ ಹೆಚ್ಚಾದ ನೀರು ಕೋಡಿ ಬಿದ್ದು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ.’

ಈ ಕೆಲವೇ ವಾಕ್ಯಗಳಲ್ಲಿ ‘ಬೇಕು’ ಒಮ್ಮೆಯೂ ಬಂದಿಲ್ಲ. ಅದರ ಬದಲು ‘ಇಳಿದರೆ’, ‘ತುಂಬಿದರೂ’, ‘ಆದ್ದರಿಂದ’, ‘ಏಕೆಂದರೆ’ ಎಂಬ ರೂಪಗಳು ಕಾಣಿಸಿಕೊಂಡಿವೆ. ಷರತ್ತು, ವಿರೋಧ, ಪರಿಣಾಮ, ಕಾರಣಗಳನ್ನು ಸೂಚಿಸುವ ಇವೇ ಕನ್ನಡದಲ್ಲಿ ವಿವರಣೆಯ ಸಲಕರಣೆಗಳು. ಸಂಧಿ, ಸಮಾಸ, ವಿಭಕ್ತಿಗಳನ್ನು ಹೆಸರಿಸಲು ಕಲಿಸುವ ತರಗತಿಯ ವ್ಯಾಕರಣವು ಇವುಗಳನ್ನು ಬಳಸಲು ಕಲಿಸುವುದು ಕಡಿಮೆ. ವ್ಯಾಕರಣದ ಅವಧಿ ಮತ್ತು ಪ್ರಬಂಧದ ಅವಧಿ ಪರಸ್ಪರ ಪರಿಚಯವಿಲ್ಲದ ನೆರೆಮನೆಯವರಂತೆ ಉಳಿದಿವೆ. ಅಲ್ಲದೆ, ಮೇಲಿನ ವಾಕ್ಯಗಳು ತಪ್ಪಾಗಿರಲು ಸಾಧ್ಯ. ಕೋಡಿ ಬಿದ್ದ ನೀರು ಬೇರೆಡೆಗೆ ಹೋಗುತ್ತಿದ್ದರೆ ಸಹಪಾಠಿಯೊಬ್ಬ ಅದನ್ನು ಎತ್ತಿ ತೋರಿಸಬಲ್ಲ. ಬರವಣಿಗೆ ತಿದ್ದುಪಡಿಗೆ ಒಳಗಾಗುವುದು ಇಲ್ಲಿಂದ. ಕಾಗುಣಿತ ದೋಷಗಳ ಮೇಲಿನ ಕೆಂಪು ಗೆರೆಗಳಿಂದಲ್ಲ.

4

ವಿವರಣೆ ಕನ್ನಡಕ್ಕೆ ಹೊರಗಿನಿಂದ ಬಂದ ಕಸುಬಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು ಅಂತರ್ಜಲದ ಶೋಧ, ವೃಕ್ಷಾಯುರ್ವೇದ, ಪಾಕಶಾಸ್ತ್ರಗಳನ್ನು ನಿರೂಪಿಸಿತು. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ರಚಿಸಿದನು. ಇವು ಪದ್ಯದ ನೆರವಿನಿಂದ ಲೋಕಜ್ಞಾನವನ್ನು ತಿಳಿಸಿದ ಕೃತಿಗಳು. ಆಧುನಿಕ ಕಾಲದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಸಿದ್ಧಪಡಿಸಿದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಹೊರಬಂದಿತು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾಯಿತು. ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವು ದಿನನಿತ್ಯದ ಅಡುಗೆಯಲ್ಲಿ ಸೇರಿಹೋಗಿರುವ ಕಾಯಿಪಲ್ಯಗಳ ಮೂಲವನ್ನು ಬಿಡಿಸಿ ಹೇಳುವ ಕೃತಿ. ಮೆಣಸಿನಕಾಯಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳನೆಯ ತರಗತಿಯ ಮಗುವಿನದೂ ಆಗಬಹುದು, ವಿದ್ವಾಂಸನದೂ ಆಗಬಹುದು ಎಂಬುದಕ್ಕೆ ಅದು ನಿದರ್ಶನ. ಶಾಲೆಯ ಪ್ರಬಂಧವು ಈ ಪರಂಪರೆಯಿಂದ ಕಲಿಯುವುದನ್ನು ಬಿಟ್ಟು ವೇದಿಕೆಯ ಭಾಷಣದಿಂದ ತನ್ನ ಮಾದರಿಯನ್ನು ಪಡೆದದ್ದು ವಿಷಾದದ ಸಂಗತಿ.

ಕಾರಂತ, ಸ್ವಾಮಿಯವರ ನಿದರ್ಶನ ಮತ್ತೊಂದು ದೃಷ್ಟಿಯಿಂದಲೂ ಮುಖ್ಯ. ಕಣ್ಣೆದುರಿನ ವಸ್ತುವಿನಿಂದ ಹೊರಟ ವಿವರಣೆ ಅಲ್ಲಿಯೇ ನಿಲ್ಲಬಾರದು. ಊರಿನ ಕೆರೆಯನ್ನು ವಿವರಿಸಿದ ಮಗು ಮುಂದೆ ತಾನು ಕಾಣದ ಅಣೆಕಟ್ಟನ್ನು, ಸಂಸತ್ತಿನ ಕಲಾಪವನ್ನು, ರಕ್ತಪರಿಚಲನೆಯನ್ನು ಓದಿ ತಿಳಿದು ವಿವರಿಸಬೇಕಾಗುತ್ತದೆ. ಕಂಡದ್ದನ್ನು ಬರೆಯುವುದು ಮೊದಲ ಮೆಟ್ಟಿಲು. ಓದಿದ್ದನ್ನು ಪುಸ್ತಕ ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆಯುವುದು ಎರಡನೆಯದು. ಮೊದಲ ಮೆಟ್ಟಿಲನ್ನು ಹತ್ತದ ಮಗುವಿಗೆ ಎರಡನೆಯದು ನಕಲಾಗಿಯೇ ಉಳಿಯುತ್ತದೆ.

5

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರ ಬೇರೆ ಬೇರೆ ಬರವಣಿಗೆಯನ್ನು ತಿದ್ದುವುದು ಶಿಕ್ಷಕರಿಗೆ ಹೊರೆ ಎಂಬುದು ಮೊದಲನೆಯದು. ಇದು ನಿಜವಾದ ಕಷ್ಟ. ಆದರೆ ಎರಡು ಪುಟಗಳ ಪ್ರಬಂಧದ ಬದಲು ಹತ್ತು ಸಾಲುಗಳ ವಿವರಣೆಯನ್ನು ಬರೆಸಿ, ಆ ವಿಷಯವನ್ನು ಅರಿಯದ ಇನ್ನೊಂದು ಮಗುವಿನ ಮುಂದೆ ಓದಿಸಿದರೆ ತಿದ್ದುವಿಕೆಯ ಅರ್ಧ ಭಾಗ ತರಗತಿಯಲ್ಲಿಯೇ ನಡೆಯುತ್ತದೆ. ಕೇಳುಗನಿಗೆ ಅರ್ಥವಾಗದ ಸ್ಥಳವೇ ಬರೆದವನು ಬಿಡಿಸಿ ಹೇಳಬೇಕಾದ ಸ್ಥಳ.

ಎರಡನೆಯ ಆಕ್ಷೇಪ ಭಾಷೆಗೆ ಸಂಬಂಧಿಸಿದ್ದು. ಮನೆಯ ಮಾತನ್ನು ಪ್ರಬಂಧಕ್ಕೆ ಬಿಟ್ಟುಕೊಂಡರೆ ಶಿಷ್ಟಭಾಷೆ ಕೆಡುತ್ತದೆ ಎಂಬ ಆತಂಕ ವ್ಯಾಪಕವಾಗಿದೆ. ಕಲಬುರಗಿ, ಧಾರವಾಡ, ಚಾಮರಾಜನಗರಗಳ ಕನ್ನಡ ಒಂದೇ ಅಲ್ಲ. ತುಳು, ಕೊಡವ, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳೂ ಕನ್ನಡದಲ್ಲಿ ಬರೆಯುತ್ತಾರೆ. ವಸ್ತುಗಳ ಹೆಸರುಗಳು ಆಯಾ ಪ್ರದೇಶದವೇ ಆಗಿದ್ದು ವಾಕ್ಯರಚನೆ ಕ್ರಮೇಣ ಶಿಷ್ಟರೂಪಕ್ಕೆ ಬಂದರೆ ಭಾಷೆಗೆ ನಷ್ಟವೇನೂ ಇಲ್ಲ. ಶಿಷ್ಟಗನ್ನಡದ ಪದಸಂಪತ್ತು ಹೆಚ್ಚುತ್ತದೆ. ಮಗುವಿನ ಹೆಸರುಗಳನ್ನು ಮೊದಲ ದಿನವೇ ಅಳಿಸಿಹಾಕಿದರೆ ಪದಗಳ ಜೊತೆಗೆ ಅದರ ತಿಳಿವಳಿಕೆಯೂ ಹೊರಗುಳಿಯುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸುವಂತೆಯೂ ಕಂಠಪಾಠದಿಂದ ದೂರ ಸರಿಯುವಂತೆಯೂ ಸೂಚಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿನ ಗ್ರಹಿಕೆಯನ್ನೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನೂ ನಿರಂತರವಾಗಿ ಮೌಲ್ಯಮಾಪನ ಮಾಡುವಂತೆ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಗಳನ್ನು ಪ್ರತ್ಯೇಕ ಮಾಧ್ಯಮಿಕ ಹಂತವೆಂದು ಗುರುತಿಸಿತು. ಇಷ್ಟೆಲ್ಲ ಆದ ಮೇಲೂ ಪ್ರಬಂಧದ ವಿಷಯಪಟ್ಟಿ ‘ಮಹತ್ವ’ವನ್ನು ದಾಟದಿದ್ದರೆ ಈ ಆಶಯಗಳು ಮಗುವಿನ ನೋಟುಪುಸ್ತಕವನ್ನು ಮುಟ್ಟುವುದಿಲ್ಲ.

ಮುಂದೊಂದು ದಿನ ಇದೇ ಮಗು ಗ್ರಾಮಸಭೆಯಲ್ಲಿ ತನ್ನ ಬೀದಿಗೆ ನೀರು ಏಕೆ ಬರುತ್ತಿಲ್ಲ ಎಂಬುದನ್ನು ವಿವರಿಸಬೇಕಾಗುತ್ತದೆ. ಕಚೇರಿಗೆ ಅರ್ಜಿ ಬರೆಯಬೇಕಾಗುತ್ತದೆ, ವೈದ್ಯರ ಮುಂದೆ ಮನೆಯವರ ಕಾಯಿಲೆಯ ಕ್ರಮವನ್ನು ಹೇಳಬೇಕಾಗುತ್ತದೆ. ನೀರಿನ ಮಹತ್ವ ಅಲ್ಲಿ ಎಲ್ಲರಿಗೂ ತಿಳಿದದ್ದೇ. ಕೊಳವೆ ಎಲ್ಲಿ ಒಡೆದಿದೆ, ಎಂದಿನಿಂದ ಒಡೆದಿದೆ, ಅದರಿಂದ ಯಾವ ಯಾವ ಮನೆಗಳಿಗೆ ನೀರು ನಿಂತಿದೆ ಎಂಬುದನ್ನು ಕ್ರಮವಾಗಿ ಹೇಳಬಲ್ಲವನ ಮಾತಿಗೆ ಮಾತ್ರ ಅಲ್ಲಿ ಉತ್ತರ ದೊರೆಯುತ್ತದೆ.